ಮೋರಿ ಗೋಡೆಗೆ ದೇವರ ಟೈಲ್ಸ್ ಅಂಟಿಸಿದವರಿಗೆ

ಹಟ್ಟಿಹಳ್ಳದ ಮೋರಿ, ಹೆದ್ದಾರಿ ಬದಿ
2419ನೇ ಇಸವಿ, ಹದಿಮೂರನೇ ತಿಂಗಳು, ಮೂವತ್ತೆರಡನೇ ತಾರೀಖು

ಹಿರಿಯರೇ, ನೀವು ಅಕ್ಕನೋ ಅಣ್ಣನೋ ತಿಳಿಯದು. ಯಾರೇ ಆಗಿರಿ, ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಹನ್ನೆರಡು ತಿಂಗಳುಗಳಿಂದ ತಲಾ ಎರಡು ಮೂರು ದಿನ ಕಡಿದು ಕೂಡಿಸಿ ನಾವು ಇನ್ನೊಂದು ತಿಂಗಳು ಮಾಡಿಕೊಂಡಿದ್ದೇವೆ. ಅದಕ್ಕೆ ಹೆಕ್ಕು ತಿಂಗಳು ಎಂದು ಹೆಸರು. ಆಗ ಬೇರೆ ಕೆಲಸವಿಲ್ಲ, ನೀವು ದಾರಿ ಬದಿಗೆ ಎಸೆದದ್ದನ್ನು ಹೆಕ್ಕುವುದೊಂದೇ. ಕೊನೆಯ ದಿನ ಹಿರಿಯರಿಗೆ ಕಾಗದ ಬರೆಯುವುದು ವಾಡಿಕೆ. ಅದು ನಿಮಗೆ ಮುಟ್ಟುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಉಳಿದವರೆಲ್ಲ ಆಶೀರ್ವಾದ ಬೇಡಿ ಬರೆಯುತ್ತಾರೆ, ನನ್ನದು ಬೇರೆ ವಿಷಯ.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹ ಕಲಿಸುವವರು ಇಲ್ಲಿ ಯಾರೂ ಉಳಿದಿಲ್ಲ. ಮಣ್ಣಿನಿಂದ ಎದ್ದುಬಂದ ಬಿಸ್ಕತ್ತಿನ ಪೊಟ್ಟಣ, ಹಾಲಿನ ಕವರು, ಗುಟ್ಕಾ ಚೀಟಿಗಳನ್ನು ತೊಳೆದು ಒಣಗಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಕಲಿತೆ. ಹೀಗಾಗಿ ನಿಮ್ಮ ಪ್ರೀತಿಯ ಮಾತು ನನಗೆ ಅಷ್ಟಾಗಿ ಬರುವುದಿಲ್ಲ. ತಂಪಾದ ಒಣ ಜಾಗದಲ್ಲಿಡಿ, ಬಿಸಿಲು ತಾಗದಂತೆ ನೋಡಿಕೊಳ್ಳಿ ಎಂಬುದಕ್ಕಿಂತ ಅಕ್ಕರೆಯ ಮಾತು ಅವುಗಳಲ್ಲಿ ಸಿಗಲಿಲ್ಲ.

ನಾನು ಈ ಊರಿನ ಮೋರಿಗಿತ್ತಿ. ಹೆದ್ದಾರಿಯ ಅಡಿಯಲ್ಲಿ ನೀರು ಹಾಯಲು ನೀವು ಕಟ್ಟಿದ ಮೋರಿ ಕಟ್ಟಿಕೊಳ್ಳದಂತೆ ಕಾಯುವುದು ನನ್ನ ಕೆಲಸ. ಮೂಡಣದ ಗುಡ್ಡದ ಮಳೆನೀರು ಇದರಲ್ಲಿ ಹಾದು ಪಡುವಣದ ಕೆರೆಗೆ ಬೀಳಬೇಕು. ಇಪ್ಪತ್ತಾರು ಮನೆಗೆ ಇದೊಂದೇ ಕೆರೆ, ಬೇರೆ ನೀರಿಲ್ಲ. ಹೆದ್ದಾರಿಯಲ್ಲಿ ಈಗ ಓಡುವುದು ಬಿಸಿಲಬಂಡಿ, ಅಂದರೆ ಬಿಸಿಲು ಕುಡಿದು ಸದ್ದಿಲ್ಲದೆ ಸಾಗುವ ಗಾಡಿ. ದಾರಿಯ ಎರಡೂ ಬದಿಗೆ ನಿಮ್ಮ ಕಸದ ದಿಬ್ಬ ಎರಡಾಳು ಎತ್ತರ ನಿಂತಿದೆ. ಅದರ ಮೇಲೆ ಹುಲ್ಲು ಬೆಳೆದು ಮೇಕೆಗಳು ಮೇಯುತ್ತವೆ, ಒಂದೊಂದು ಸತ್ತೂ ಬೀಳುತ್ತದೆ.

ದಿಬ್ಬ ಎಲ್ಲಕ್ಕಿಂತ ದಪ್ಪವಾಗಿದ್ದುದು ಮೋರಿಯ ಹತ್ತಿರ. ನಮ್ಮ ಮುತ್ತಜ್ಜಂದಿರು ಅಲ್ಲಿ ಅಗೆದಾಗ ಗೋಡೆ ಸಿಕ್ಕಿತು, ಗೋಡೆಯಲ್ಲಿ ನೀವು ಅಂಟಿಸಿದ ಮೂರು ಟೈಲ್ಸ್ ಸಿಕ್ಕವು. ಒಂದರಲ್ಲಿ ದೇವರು, ಒಂದರಲ್ಲಿ ಗುಮ್ಮಟ, ಒಂದರಲ್ಲಿ ಶಿಲುಬೆ. ಅವುಗಳ ಮುಂದೆ ಸಾವಿರಾರು ಗಂಟು, ಬಣ್ಣಬಣ್ಣದ ಚೀಲ, ಎಲ್ಲಕ್ಕೂ ಎರಡು ಕಿವಿ ಬಿಟ್ಟು ಒಂದೇ ಥರ ಹಾಕಿದ ಗಂಟು. ಪಾಪ, ಅವರು ಇನ್ನೇನು ತಿಳಿದುಕೊಳ್ಳಬೇಕು? ಹಿರಿಯರು ಇಲ್ಲಿ ದೇವರಿಗೆ ಗಂಟು ಒಪ್ಪಿಸುತ್ತಿದ್ದರು ಎಂದುಕೊಂಡರು. ತಾವೂ ಶುರು ಮಾಡಿದರು.

ಈಗ ಇದಕ್ಕೆ ಗಂಟೊಪ್ಪು ಎನ್ನುತ್ತಾರೆ. ಮನೆಯಲ್ಲಿ ಉಳಿದದ್ದು, ಕೊಳೆತದ್ದು, ಒಡೆದದ್ದು ಎಲ್ಲವನ್ನೂ ಹಳೆಯ ಚೀಲಕ್ಕೆ ತುಂಬಬೇಕು. ಪ್ಲಾಸ್ಟಿಕ್ ಮಾಡುವುದನ್ನು ನಾವು ಬಿಟ್ಟು ಎಷ್ಟೋ ಕಾಲವಾಯಿತು, ಆದರೆ ಹರಕೆಗೆ ಅದೇ ಆಗಬೇಕೆಂದು ದಿಬ್ಬದಿಂದ ಅಗೆದು ತೊಳೆದು ತರುತ್ತಾರೆ. ಓಡುವ ಬಂಡಿಯಿಂದಲೇ ಎಸೆಯಬೇಕು, ಹಿಂತಿರುಗಿ ನೋಡಬಾರದು. ನೋಡಿದರೆ ಹರಕೆ ಸಲ್ಲುವುದಿಲ್ಲ. ಈ ನೇಮವನ್ನು ನಿಮ್ಮಿಂದಲೇ ಕಲಿತದ್ದೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಈ ರೂಢಿ ಬಿಡಿಸಲು ನಾನು ಮಾಡದ ಉಪಾಯವಿಲ್ಲ. ಗಂಟು ಎಸೆದವರು ಒಂದು ದಿನ ಮೋರಿ ತೋಡಬೇಕು ಎಂದು ಕಟ್ಟುಮಾಡಿದೆ. ಸೇವೆ ಸಿಕ್ಕಿತೆಂದು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದರು, ಬರುವಾಗ ತಲೆಗೊಂದು ಗಂಟು ತಂದರು. ದೊಡ್ಡ ತೊಟ್ಟಿ ಇಟ್ಟು ಇದರೊಳಗೆ ಹಾಕಿ ಎಂದೆ. ಮರುದಿನ ತೊಟ್ಟಿಗೆ ಅರಿಶಿನ ಕುಂಕುಮ ಬಿದ್ದಿತ್ತು, ಗಂಟುಗಳು ಸುತ್ತ ಬಿದ್ದಿದ್ದವು. ನಗಬೇಡಿ. ನಾನೂ ಮೊದಲು ನಕ್ಕೆ.

ಈ ಹೆಕ್ಕು ತಿಂಗಳಲ್ಲಿ ಗೋಡೆಯ ಬುಡದಲ್ಲಿ ತಗಡಿನ ಫಲಕವೊಂದು ಸಿಕ್ಕಿತು. ತುಕ್ಕು ಉಜ್ಜಿ ಓದಿದೆ: ಇಲ್ಲಿ ಕಸ ಹಾಕಬಾರದು. ಆಗ ನಿಮ್ಮ ಸಂಕಟ ನನಗೆ ತಿಳಿಯಿತು. ಫಲಕ ಹಾಕಿದಿರಿ, ಯಾರೂ ಕೇಳಲಿಲ್ಲ. ದೇವರ ಮುಖಕ್ಕೆ ಯಾರು ತಾನೇ ಕಸ ಎಸೆಯುತ್ತಾರೆ ಎಂದುಕೊಂಡು ಟೈಲ್ಸ್ ಅಂಟಿಸಿದಿರಿ. ಎಸೆದರು.

ಫಲಕ ಹೊತ್ತು ಊರಿಗೆ ಓಡಿದೆ, ಎಲ್ಲರನ್ನೂ ಕೂಡಿಸಿ ಓದಿ ಹೇಳಿದೆ. ಊರ ಯಜಮಾನ ಓಬಳಜ್ಜ ಕಣ್ಣು ಒರೆಸಿಕೊಂಡ. "ಬ್ಯಾಡ ಬ್ಯಾಡ ಅಂದ್ರೂ ಕೊಡ್ತಿದ್ರಲ್ಲ ಕಣಮ್ಮಿ, ಅದು ಭಕ್ತಿ ಅಂದ್ರೆ," ಎಂದ. ಈಗ ಆ ಫಲಕಕ್ಕೂ ದಿನಾ ಹೂವು ಏರುತ್ತಿದೆ.

ನಾನು ಸೋತದ್ದು ಅಲ್ಲಿಯೂ ಅಲ್ಲ. ಮೂರು ವರ್ಷದಿಂದ ಕೆರೆ ತುಂಬಿಲ್ಲ. ಕಳೆದ ವಾರ ಒಳ್ಳೆಯ ಮಳೆಯೇ ಬಂತು. ಮೂಡಣದ ನೀರು ಮೋರಿಯ ಬಾಯಿಗೆ ಬಂದು ಗಂಟುಗಳಿಗೆ ತಡೆದು ನಿಂತಿತು. ನಾನು ಸೊಂಟದುದ್ದ ನೀರಿನಲ್ಲಿ ನಿಂತು ಎರಡು ದಿನ ಕಿತ್ತೆ, ಉಗುರು ಎದ್ದುಹೋಯಿತು. ಕಿತ್ತಷ್ಟೂ ಮೇಲಿನಿಂದ ಬೀಳುತ್ತಿತ್ತು. ಏಕೆಂದರೆ ಕೆರೆ ತುಂಬಲಿ ಎಂದು ಊರೆಲ್ಲ ಹರಕೆ ಹೊತ್ತಿತ್ತು. ಮೂರನೆಯ ದಿನ ನೀರು ಪಕ್ಕದ ತಗ್ಗು ಹಿಡಿದು ಬೇರೆ ಕಡೆಗೆ ಹೊರಟುಹೋಯಿತು. ಇನ್ನೊಂದೇ ಮಳೆ ಬಾಕಿ ಇದೆ. ಅದೂ ಹೀಗೇ ಆದರೆ ಇಪ್ಪತ್ತಾರು ಮನೆಯವರೂ ಊರು ಬಿಡಬೇಕು.

ಮೇಲಿನಿಂದ ಎಸೆದವರಲ್ಲಿ ನಮ್ಮವ್ವ ಗಂಗಳವ್ವನೂ ಇದ್ದಳು. ಬೈದೆ, ಅತ್ತೆ, ಕಾಲು ಹಿಡಿದೆ. ಅವಳು ನನ್ನ ಕೆನ್ನೆ ಸವರಿ, "ಏಳು ವರ್ಷ ಗಂಟು ಒಪ್ಸಿದ್ಮ್ಯಾಲೆ ನೀನು ಹುಟ್ಟಿದ್ದು ಕಣವ್ವ. ಈಗ ದ್ಯಾವ್ರು ಸುಳ್ಳು ಅಂದ್ರೆ ನೀನೂ ಸುಳ್ಳೇನು?" ಎಂದಳು. ನನಗೆ ಗಂಟಮ್ಮ ಎಂದು ಹೆಸರಿಟ್ಟದ್ದೂ ಆ ಹರಕೆಯಿಂದಲೇ.

ಅದಕ್ಕೇ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಎಸೆಯುವವರನ್ನು ನಿಲ್ಲಿಸಿ ಎಂದು ಕೇಳುವುದಿಲ್ಲ, ಅದು ನಿಮ್ಮ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಟೈಲ್ಸ್ ಅಂಟಿಸುವ ಮೊದಲು ಅದರ ಬೆನ್ನಿಗೆ ಒಂದು ಸಾಲು ಬರೆಯಿರಿ: ಇವರು ಕಸ ಎಸೆಯುವುದು ನಿಲ್ಲಲೆಂದು ದೇವರನ್ನು ಇಲ್ಲಿ ಕೂರಿಸಿದ್ದೇನೆ, ದೇವರು ಗಂಟು ಕೇಳಿಲ್ಲ. ದೇವರ ಬೆನ್ನಿನ ಮೇಲೆ ಇರುವ ಮಾತಾದರೆ ಅವ್ವ ನಂಬುತ್ತಾಳೆ.

ಈ ಕಾಗದಕ್ಕೆ ಕೂರುವ ಮೊದಲು, ಬೆಳಿಗ್ಗೆ, ಟೈಲ್ಸ್ ಮೂರನ್ನೂ ಗೋಡೆಯಿಂದ ಬಿಡಿಸಿ ತಿರುಗಿಸಿ ನೋಡಿದೆ. ಒಣಗಿದ ಸಿಮೆಂಟು ಇತ್ತು, ಅದರಲ್ಲಿ ನಿಮ್ಮ ಬೆರಳೊತ್ತಿದ ಗುರುತಿತ್ತು. ಬರಹ ಇರಲಿಲ್ಲ. ಮತ್ತೆ ಅಂಟಿಸಿ ಬಂದೆ. ಬಂದು ಈ ಕಾಗದ ಬರೆದೆ.

ಮೂಡಣದಲ್ಲಿ ಮೋಡ ಕಟ್ಟುತ್ತಿದೆ. ಅವ್ವ ಹಜಾರದಲ್ಲಿ ಕೂತು ಚೀಲ ತುಂಬುತ್ತಿದ್ದಾಳೆ. ಅವಳಿಗೀಗ ಕೈ ನಡುಗುತ್ತದೆ, ಗಂಟು ನಿಲ್ಲುವುದಿಲ್ಲ. "ಗಂಟಮ್ಮೀ, ಬಾರವ್ವ, ಈ ಕಿವಿ ಒಂಚೂರು ಹಿಡ್ಕ," ಎಂದು ಎರಡನೆಯ ಸಲ ಕರೆಯುತ್ತಿದ್ದಾಳೆ. ಹೋಗಿ ಹಿಡಿದುಕೊಳ್ಳುತ್ತೇನೆ.

ನಿಮ್ಮ
ಗಂಟಮ್ಮ, ಮೋರಿಗಿತ್ತಿ