ತೊಟ್ಟಿಲ ಕೋಣೆಯ ಎರಡನೇ ಗಾಜು

ಗಾಂಧಿ ಗಂಜ, ಬೀದರ
೧೪ ನವೆಂಬರ್ ೨೦೨೪, ಮುಂಜಾನೆ

ಪ್ರೀತಿಯ ಸಾನಿಕಾ,

ಹೇಗಿದ್ದೀ ಮಗಳೇ? ಸೊಂಟನೋವು ಕಡಿಮೆಯಾಯಿತೇ? ಕಿವಿಗೆ ಹತ್ತಿ ಇಟ್ಟುಕೊಂಡು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ಭಾಲ್ಕಿಯ ಗಾಳಿಗೆ ಕೂದಲು ಹರವಿಕೊಂಡು ಕೂತಿರುತ್ತೀಯೋ? ಕೂಸಿನ ಹೊಟ್ಟೆ ಸರಿ ಇದೆಯೇ? ಬಾಣಂತಿ ಫೋನು ನೋಡಿದರೆ ಕಣ್ಣು ಕೆಡುತ್ತದೆಂದು ನಿನ್ನ ಅತ್ತೆ ವರದಾಬಾಯಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಹಾಕಲಿ ಬಿಡು. ನಾನು ಗೆದ್ದಿದ್ದೇನೆ, ಗೆದ್ದ ಸುದ್ದಿಯನ್ನು ನಿಧಾನವಾಗಿ ಬರೆದು ಹೇಳುವುದೇ ನನಗೆ ಖುಷಿ. ಅವರು ಇವತ್ತು ಮಧ್ಯಾಹ್ನ ಬಟ್ಟೆ ಖರೀದಿಗೆಂದು ಬೀದರಿಗೆ ಬರುವವರಿದ್ದಾರೆ, ನಮ್ಮಲ್ಲಿ ಚಹಾ ಕುಡಿದು ಹೋಗುತ್ತಾರೆ. ಈ ಪತ್ರವನ್ನೂ ಅಂಟಿನುಂಡಿಯ ಡಬ್ಬಿಯನ್ನೂ ಅವರ ಕೈಯಲ್ಲೇ ಕಳಿಸುತ್ತೇನೆ. ಉಂಡಿ ನಿನಗೆ, ಅಳಿಯಂದಿರಿಗಲ್ಲ.

ನೀನು ಕೂಸನ್ನು ಎತ್ತಿಕೊಂಡು ಹೊರಟ ದಿನ ನನಗೆಷ್ಟು ಸಂಕಟವಾಯಿತೆಂದು ಆವತ್ತು ಹೇಳಲಿಲ್ಲ. ಬಾಣಂತನ ತವರಿನಲ್ಲಿ ಆಗಬೇಕು. ನಮ್ಮ ಹಳೆಯ ವಾಡೆಯಲ್ಲಿ ತೊಟ್ಟಿಲಿನ ಕೊಂಡಿ ಇರುವುದು ಬೀದಿ ಕಡೆಯ ಕೋಣೆಯ ತೊಲೆಗೆ ಮಾತ್ರ. ನಿನ್ನ ಅಪ್ಪ, ನೀನು, ನಿನ್ನ ತಮ್ಮ ಆಶೀಷ ಎಲ್ಲರೂ ಅಲ್ಲೇ ತೂಗಿಸಿಕೊಂಡು ಬೆಳೆದವರು. ಅಪ್ಪನ ಕಾಲಕ್ಕೆ ಆ ಬೀದಿಯಲ್ಲಿ ಹೋಗುತ್ತಿದ್ದದ್ದು ಎತ್ತಿನ ಬಂಡಿ, ಕೈಗಾಡಿ. ಈಗ ಸೋಯಾ ಸುಗ್ಗಿ, ಗಂಜ್‌ನ ಕಾಳಿನ ಪೇಟೆಗೆ ಲಾರಿಯ ಬೆನ್ನಿಗೆ ಲಾರಿ. ಕೂಸು ಕಣ್ಣು ಮುಚ್ಚುವುದು, ಹಾರ್ನು ಒದರುವುದು, ಅದು ಕೈಕಾಲು ಝಾಡಿಸಿ ಚೀರುವುದು. ಹಾಲು ಕುಡಿಯುವಾಗಲೂ ಬೆಚ್ಚಿ ಮೊಲೆ ಬಿಡುತ್ತಿತ್ತು. ತೂಕ ಏರಿಲ್ಲವೆಂದು ಡಾಕ್ಟರು ಮುಖ ಗಂಟು ಹಾಕಿದ ಮೇಲೆ ನಿನ್ನ ಅತ್ತೆ ಬಂದು, “ಈ ಮನ್ಯಾಗ ಕೂಸು ನಿದ್ದಿ ಮಾಡಂಗಿಲ್ಲರಿ. ಹೆಸರಿಡೋ ಬಾರಸಾನೂ ಭಾಲ್ಕಿದಾಗೇ ಮಾಡೋಣು” ಎಂದರು. ಸುಳ್ಳಾಗಿದ್ದರೆ ಜಗಳ ಆಡುತ್ತಿದ್ದೆ. ಖರೆ ಮಾತಾಗಿತ್ತು, ಅದಕ್ಕೇ ಚುಚ್ಚಿತು. ಕಾರು ತಿರುವು ದಾಟುವವರೆಗೆ ನಗುತ್ತ ನಿಂತು, ಒಳಗೆ ಬಂದು ಅತ್ತುಬಿಟ್ಟೆ. ಖಾಲಿ ತೊಟ್ಟಿಲು ಬಿಡಬಾರದೆಂದು ಬಾರಸಾದ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿಡಲು ತೊಳೆದಿಟ್ಟಿದ್ದ ಗುಂಡುಕಲ್ಲನ್ನೇ ಅದರಲ್ಲಿ ಮಲಗಿಸಿ, ಕೂಸಿನ ಕುಂಚಿಗೆ ಹೊದಿಸಿದೆ.

ಮರುದಿನದಿಂದಲೇ ಕಿಟಕಿಯ ಬೆನ್ನು ಹತ್ತಿದೆ. ಕಿತ್ತು ಹೊಸದು ಹಾಕಿಸೋಣವೆಂದರೆ ನಿನ್ನ ಅಪ್ಪ ಊಟದ ತಾಟು ಸರಿಸಿ, “ನಮ್ಮಜ್ಜ ಮಾಡಿಸಿದ ಸಾಗವಾನಿ ಕಿಟಕಿ ಅದ. ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ” ಎಂದರು. ನಿನ್ನ ಅಪ್ಪ ವಿಠ್ಠಲರಾಯರ ಹಟ ನಿನಗೆ ಗೊತ್ತೇ ಇದೆ, ಅರ್ಧ ನಿನಗೂ ಬಂದಿದೆ. ದಾರಿ ತೋರಿಸಿದವನು ನಿನ್ನ ತಮ್ಮ. ಇಲ್ಲೇ ಕೊಳಾರದಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಮೆಷಿನ್ನುಗಳ ಪಕ್ಕದಲ್ಲೇ ಸೂಪರ್‌ವೈಸರ್‌ಗೆ ಎರಡು ಪದರ ಗಾಜಿನ ಕೋಣೆ ಇದೆಯಂತೆ, ಒಳಗೆ ಮೆಲ್ಲಗೆ ಮಾತಾಡಿದರೂ ಕೇಳುತ್ತದಂತೆ. “ಹಳೀ ಕಿಟಕಿ ಇದ್ದಂಗೇ ಇರಲಿ ಆಯಿ, ಒಳಗಿಂದ ಇನ್ನೊಂದು ಗಾಜು ಕೂಡಸೋಣು” ಎಂದ. ನಮ್ಮ ಗೋಡೆ ಅಷ್ಟು ದಪ್ಪ ಇರುವುದು ಕಡೆಗೂ ಕೆಲಸಕ್ಕೆ ಬಂತು. ಹೊರ ಅಂಚಿನಲ್ಲಿ ಮುತ್ತಜ್ಜನ ಕಿಟಕಿ, ಒಳ ಅಂಚಿನಲ್ಲಿ ಹೊಸ ಚೌಕಟ್ಟು, ನಡುವೆ ಗೇಣಿನಷ್ಟು ಖಾಲಿ ಜಾಗ. ಬಡಿಗ ಸಾಜಿದ ದಪ್ಪ ಗಾಜು ಕೂರಿಸಿ, ಸುತ್ತ ರಬ್ಬರ್ ಪಟ್ಟಿ ಒತ್ತಿ, ಬೇಕಾದಾಗ ತೆರೆಯಲು ಬರುವಂತೆ ಮಾಡಿಕೊಟ್ಟ. ಹಳೆಯ ಕಟ್ಟಿಗೆಗೆ ಒಂದು ಮೊಳೆಯೂ ತಾಗಲಿಲ್ಲ. ನಿನ್ನ ಅಪ್ಪ ಕಾವಲಿಗೆ ಕುರ್ಚಿ ಹಾಕಿಕೊಂಡೇ ಕೂತಿದ್ದರು.

ಎಲ್ಲ ಮುಗಿಸಿ, ಗಾಜು ಮುಚ್ಚಿ, ಉಸಿರು ಹಿಡಿದು ನಿಂತೆವು. ಲಾರಿ ಬಂತು, ಹಾರ್ನು ಹೊಡೆಯಿತು. ಮೊದಲಿನಷ್ಟೇ ಕೇಳಿಸಿತು. ನಿನ್ನ ಅಪ್ಪ ಮೀಸೆಯಲ್ಲೇ ನಕ್ಕರು. ಸಾಜಿದ ಚೌಕಟ್ಟಿನ ಸುತ್ತ ಬೆರಳಾಡಿಸಿ, “ಗಾಜಿನಾಗ ಏನೂ ಕಸರ ಇಲ್ಲರಿ ಬಾಯಿ” ಎಂದ. ಇಲ್ಲದಿದ್ದರೆ ಸದ್ದು ಎಲ್ಲಿಂದ ಬರುತ್ತದಪ್ಪ ಎಂದು ಅವನ ಮೇಲೆ ಹರಿಹಾಯ್ದೆ. ಆಮೇಲೆ ಪಾಲಿಶಿನ ವಾಸನೆ ಹೋಗಲೆಂದು ಕೆಂಡದ ಶೇಗಡಿ ತಂದು ಓಮಿನ ಕಾಳು, ಬೆಳ್ಳುಳ್ಳಿ ಸಿಪ್ಪೆ ಹಾಕಿ ಬಾಣಂತಿಯ ಧೂಪ ಹಾಕಿದೆ. ಹೊಗೆ ಎದ್ದು, ಗಾಜಿನ ಗುಂಟ ಏರಿ, ಕಿಟಕಿಯ ಮೇಲಿನ ಗಾಳಿಗಿಂಡಿಯಿಂದ ಸೀದಾ ಬೀದಿಗೆ ಹೋಯಿತು. ನಾನು ಅದನ್ನೇ ನೋಡುತ್ತ ನಿಂತೆ. ಹೊಗೆ ಹೋಗುವ ದಾರಿಯಲ್ಲಿ ಸದ್ದು ಬರದೇ ಇರುತ್ತದೆಯೇ? ಬಾಣಂತಿ ಕೋಣೆಯ ಗಾಳಿಗಿಂಡಿ ಮುಚ್ಚಬಾರದು, ಹೊಗೆ ನಿಂತರೆ ಕೂಸಿಗೆ ಕಷ್ಟ ಎಂದು ನನ್ನ ಅತ್ತೆ ಹೇಳಿಕೊಟ್ಟದ್ದು. ಅದನ್ನು ಮುಟ್ಟಬೇಡ ಎಂದು ಮೊದಲ ದಿನವೇ ಸಾಜಿದನಿಗೆ ತಾಕೀತು ಮಾಡಿದವಳು ನಾನೇ. ಕಿಟಕಿಗೆ ಅಷ್ಟು ಬಂದೋಬಸ್ತು ಮಾಡಿ, ಅದರ ತಲೆಯ ಮೇಲೆ ಬಾಯಿ ತೆರೆದಿಟ್ಟಿದ್ದೆ.

ಧೂಪ ಬಿಡಲು ನನಗೆ ಮನಸ್ಸಿಲ್ಲ, ಸದ್ದು ಬಿಟ್ಟುಕೊಳ್ಳಲೂ ಮನಸ್ಸಿಲ್ಲ. ಎದುರು ಗೋಡೆ ನೋಡಿದೆ. ಒಳ ಅಂಗಳದ ಕಡೆಗೂ ಒಂದು ಕಿಂಡಿ ಇದೆಯಲ್ಲ, ಪಾರಿವಾಳ ಬರುತ್ತವೆಂದು ನಿನ್ನ ಅಪ್ಪ ಹಲಗೆ ಬಡಿದು ಮುಚ್ಚಿದ್ದು. ಹಲಗೆ ಕೀಳಿಸಿ ಅಲ್ಲಿ ಜಾಳಿಗೆ ಹಾಕಿಸಿದೆ, ಬೀದಿ ಕಡೆಯ ಕಿಂಡಿಗೆ ಒಳಗಿನಿಂದ ಗಾಜು ಕೂರಿಸಿದೆ. ಈಗ ಹೊಗೆ ಅಂಗಳಕ್ಕೆ ಹೋಗುತ್ತದೆ, ಲಾರಿ ಬೀದಿಯಲ್ಲೇ ಉಳಿಯುತ್ತದೆ. ಸಾನಿಕಾ, ಆ ಕೋಣೆಯಲ್ಲಿ ಗೋಡೆ ಗಡಿಯಾರದ ಟಿಕ್‌ಟಿಕ್ ನಾನು ಮದುವೆಯಾಗಿ ಬಂದ ಮೇಲೆ ಮೊದಲ ಸಲ ಕೇಳಿದೆ. ದೊಡ್ಡ ಲಾರಿ ಬಂದಾಗ ಯಾರೋ ದೂರದಲ್ಲಿ ಗುನುಗಿದಂತೆ ಆಗುತ್ತದೆ, ಅಷ್ಟೇ. ನಿನ್ನ ಅಪ್ಪ ಬಂದವರನ್ನೆಲ್ಲ ಒಳಗೆ ಕರೆದು ಗಾಜು ತೆರೆದು, ಮುಚ್ಚಿ ತೋರಿಸುತ್ತಾರೆ. ಎಲ್ಲ ತಮ್ಮದೇ ಐಡಿಯಾ ಎಂದೂ ಹೇಳುತ್ತಾರೆ. ಹೇಳಿಕೊಳ್ಳಲಿ, ನನಗೆ ಕೂಸು ಬಂದರೆ ಸಾಕು.

ಇನ್ನು ಉಳಿದದ್ದು ನಿನ್ನ ಅತ್ತೆಯ ಒಪ್ಪಿಗೆ. ನಾನು ಕೇಳಿದರೆ ತಾಯಿಯ ಹಟ ಎನ್ನುತ್ತಾರೆ, ಅದಕ್ಕೇ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದೇನೆ. ಚಹಾ ಮಾತ್ರ ಆ ಕೋಣೆಯಲ್ಲೇ ಕೊಡುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣೀರು ಮುಟ್ಟಬೇಡ. ಅಳಿಯಂದಿರಿಗೆ ನಮ್ಮ ನಮಸ್ಕಾರ ಹೇಳು. ಕೂಸಿನ ನೆತ್ತಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು. ತಾಯಿ ಮಗು ಇಬ್ಬರೂ ನೂರು ಕಾಲ ಸುಖವಾಗಿರಿ.

ಇತಿ ನಿನ್ನ ಆಯಿ,
ಪ್ರಮಿಲಾ

ತಾ.ಕ.: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ನಿನ್ನ ಅತ್ತೆ ಚಪ್ಪಲಿ ಮೆಟ್ಟುತ್ತಿದ್ದಾರೆ. ಚಹಾ ಕುಡಿದು, ಬಿಸಿಲಿಗೆ ದಣಿದಿದ್ದೇನೆಂದು ತೊಟ್ಟಿಲ ಪಕ್ಕದ ಚಾಪೆಗೆ ಒರಗಿದವರು ಗೊರಕೆ ಹೊಡೆದು ಮಲಗಿಬಿಟ್ಟರು. ಎದ್ದು ಕೇಳಿದ ಮೊದಲ ಮಾತು, “ಇವತ್ತ ಗಂಜ್ ಬಂದ್ ಅದ ಏನ್ರಿ?” ನಾನು ಬಾಯಿ ಬಿಡಲಿಲ್ಲ, ಎದ್ದು ಗಾಜು ತೆರೆದೆ. ಕಿಟಕಿಯ ಕೆಳಗೇ ಲಾರಿಗಳ ಸಾಲು, ಹಾರ್ನು, ಹಮಾಲರ ಕೂಗು. ಮುಚ್ಚಿದೆ. ಅವರು ಕಿಟಕಿ ನೋಡಿದರು, ತೊಟ್ಟಿಲು ನೋಡಿದರು. ಆಮೇಲೆ ತಾವೇ ಕುಂಚಿಗೆ ಬಿಚ್ಚಿ ಗುಂಡುಕಲ್ಲನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, “ಇದನ್ನ ಬಾರಸಾಕ್ಕ ತೆಗೆದಿಡ್ರಿ. ಐತವಾರ ಕೂಸಿನ ಕರಕೊಂಡು ಬರ್ತೇನಿ” ಎಂದರು. ಬಟ್ಟೆಬರೆ ಕಟ್ಟಿಕೋ.