ಅದೇ ಮೈಕಿನಲ್ಲಿ ಹೇಳಿ

ಆಸ್ಪತ್ರೆಯ ಮುಖ್ಯಾಧಿಕಾರಿಗಳಿಗೆ,

ಕಳೆದ ವಾರ ನನ್ನ ಅಕ್ಕನ ಸೊಂಟದ ಶಸ್ತ್ರಚಿಕಿತ್ಸೆಗೆ ನಿಮ್ಮವರು ಹಣ ಕಟ್ಟಿಸಿಕೊಂಡರು. ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡ್ ಇದ್ದವರಿಗೆ ಅದು ಪೂರ್ತಿ ಉಚಿತ. ಕಾರ್ಡ್ ಅವಳ ಕೈಯಲ್ಲೇ ಇತ್ತು.

"ಕಾರ್ಡಿಗೆ ಹಾಸಿಗೆ ಮಾತ್ರ ಯಜಮಾನ್ರೇ, ಆಪರೇಷನ್‌ಗೆ ದುಡ್ಡು ಬಿಚ್ಚಿ," ಎಂದಳು ಕೌಂಟರಿನ ಹುಡುಗಿ.

"ನಾವೇನು ನಿದ್ದೆ ಮಾಡೋಕೆ ಬಂದಿದೀವೇನಮ್ಮ?" ಎಂದೆ. ಸಾಲಿನಲ್ಲಿದ್ದವರು ನಕ್ಕರು.

ಅಕ್ಕ ಹೊಲಿಗೆ ಯಂತ್ರ ಮಾರಿ ಅರ್ಧ ಕಟ್ಟಿದಳು. ಉಳಿದರ್ಧಕ್ಕೆ ನೀವು, "ಟೈಲರಮ್ಮ, ಬಾಕಿ ಕಟ್ಟಿ" ಎಂದು ಮೈಕಿನಲ್ಲಿ ಇಡೀ ಆಸ್ಪತ್ರೆಗೆ ಸಾರಿದಿರಿ. ಹಾಸಿಗೆಯಲ್ಲಿದ್ದ ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಈ ಯೋಜನೆ ಬರುವ ಮುಂಚೆ, ಹಣವಿಲ್ಲವೆಂದು ನಮ್ಮಪ್ಪನನ್ನು ಇದೇ ಬಾಗಿಲಿನಿಂದ ವಾಪಸು ಕರೆದೊಯ್ದವನು ನಾನು. ಯೋಜನೆ ಬಂದ ಮೇಲೆ, ಪಕ್ಕದ ಮನೆಯ ಬಡಗಿ ಇಲ್ಲೇ ಹೃದಯದ ಆಪರೇಷನ್ ಮಾಡಿಸಿಕೊಂಡ. ಅವನ ಖರ್ಚು ಬಸ್ಸಿನ ಟಿಕೆಟ್ಟು ಮಾತ್ರ. ಹಾಗಾಗಿ ನನಗೆ ಕಥೆ ಹೇಳಬೇಡಿ.

ಹಣ ಹಿಂದಿರುಗಿಸಿದರಷ್ಟೇ ಸಾಲದು. ಬರುವ ಸೋಮವಾರ ಹೊಲಿಗೆ ಬಿಚ್ಚಿಸಲು ಅಕ್ಕ ಬರುತ್ತಾಳೆ. ಅವಳಿಂದ ಹಣವನ್ನು ಏಕೆ ಪಡೆದಿರಿ ಎಂಬುದನ್ನು, ಕಾರ್ಡ್ ಹಿಡಿದು ನಿಂತವರೆಲ್ಲ ಕೇಳುವಂತೆ, ಅದೇ ಮೈಕಿನಲ್ಲಿ ಹೇಳಿ.

ಕಿವಿಗೊಟ್ಟು ಕಾಯುವ,
ಟೈಲರಮ್ಮನ ತಮ್ಮ