ಅಮ್ಮನ ಕೈಚೀಲದಲ್ಲಿದ್ದ ಅಳತೆ ಟೇಪಿನ ಬಗ್ಗೆ ಒಂದು ವಿವರಣೆ

ವೀಸಾ ವಿಭಾಗದ ಗಾಜಿನ ಆಚೆ ಕುಳಿತಿರುವ ಮಾನ್ಯರೇ,

ನಾನು ನೆಲೆಸಿರುವ ದೇಶಕ್ಕೆ ಬರಲು ನನ್ನ ತಾಯಿಗೆ ಸಂದರ್ಶಕ ವೀಸಾ ಕೊಡಲು ನೀವು ಎರಡನೆಯ ಬಾರಿ ನಿರಾಕರಿಸಿದ್ದೀರಿ. ಮೊದಲ ಸಲ ಆಕೆ ನಿಜ ಹೇಳಿದಳೆಂದು. ಎರಡನೆಯ ಸಲ ನಾನು ಹೇಳಿಕೊಟ್ಟ ಸುಳ್ಳನ್ನು ಹೇಳಿದಳೆಂದು. ಎರಡೂ ಪತ್ರಗಳು ನನ್ನ ಮೇಜಿನ ಮೇಲಿವೆ. "ವಿಷಾದದಿಂದ ತಿಳಿಸುತ್ತೇವೆ" ಎಂಬ ಸಾಲು ಎರಡರಲ್ಲೂ ಒಂದೇ ಜಾಗದಲ್ಲಿದೆ. ಮೊದಲೇ ಅಚ್ಚು ಹಾಕಿಸಿ ಇಟ್ಟುಕೊಂಡಿರಬೇಕು. ವಿಷಾದವನ್ನು ಹೀಗೆ ರಾಶಿ ಹಾಕಿಟ್ಟುಕೊಳ್ಳುವ ಅನುಕೂಲ ನಮ್ಮಂಥವರಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ನನ್ನ ತಾಯಿ ದರ್ಜಿ. ವಯಸ್ಸು ಎಪ್ಪತ್ತೊಂದು. ನಲವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯ ಕಿಟಕಿ ಪಕ್ಕ ಒಂದೇ ಮಿಷನ್ನಿನ ಮುಂದೆ ಕೂತು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದವಳು. ಆಕೆಗೊಂದು ಹಟವಿದೆ. ಚೀಟಿಯಲ್ಲಿ ಬರೆದು ಕಳಿಸಿದ ಅಳತೆಗೆ ಹೊಲಿಯುವುದಿಲ್ಲ. ಅಳತೆಗೆಂದು ಹಳೆಯ ಅಂಗಿ ತಂದುಕೊಟ್ಟರೂ ಒಪ್ಪುವುದಿಲ್ಲ. "ಇದು ಅಂಗಿ ಅಳತೆ, ನಿನ್ನದಲ್ಲ. ಇಲ್ಲಿ ಬಾ, ನೆಟ್ಟಗೆ ನಿಲ್ಲು" ಎಂದು ಟೇಪು ಹಿಡಿದು ಎದ್ದು ನಿಲ್ಲುತ್ತಾಳೆ. ಆ ಟೇಪು ಕೊರಳಲ್ಲಿ ಇಲ್ಲದಿದ್ದರೆ ಕೈಚೀಲದಲ್ಲಿರುತ್ತದೆ. ನಿಮ್ಮ ತಪಾಸಣೆಯ ತಟ್ಟೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದ್ದು ಅದೇ.

ನನ್ನ ಮಗಳಿಗೆ ಹದಿಮೂರು ವರ್ಷ. ಬೆನ್ನುಮೂಳೆ ಒಂದು ಪಕ್ಕಕ್ಕೆ ಬಾಗುತ್ತಿದೆ. ಬಟ್ಟೆಯ ಒಳಗೆ ಗಟ್ಟಿ ಪಟ್ಟಿ ಕಟ್ಟಿಕೊಂಡಿರುತ್ತಾಳೆ. ಎಡ ಭುಜ ಮೇಲೆ, ಬಲ ಭುಜ ಕೆಳಗೆ. ಅಂಗಡಿಯ ಕನ್ನಡಿ ಕೋಣೆಯಿಂದ ಪ್ರತಿ ಸಲವೂ ಅದೇ ಮುಖ ಹೊತ್ತು ಹೊರಗೆ ಬರುತ್ತಾಳೆ: "ಇದೂ ಜಾರುತ್ತೆ ಅಮ್ಮಾ." ವಾರಕ್ಕೊಮ್ಮೆ ಆಸ್ಪತ್ರೆ, ದೂರದ ಪ್ರಯಾಣ ಸದ್ಯಕ್ಕೆ ಬೇಡವೆಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ "ನೀವೇ ಮಗಳನ್ನು ಕರೆದುಕೊಂಡು ಊರಿಗೆ ಹೋಗಬಹುದಲ್ಲ" ಎಂಬ ಸಲಹೆಯನ್ನು ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ. ಇದನ್ನೆಲ್ಲ ಫೋನಿನಲ್ಲಿ ಕೇಳಿದ ಅಮ್ಮ, "ಅಂಗಡಿಯವರು ಹೊಲಿಯೋದು ಗೊಂಬೆಗೆ ಕಣೇ. ಎರಡು ಭುಜವೂ ಸಮ ಇರೋ ಮನುಷ್ಯರನ್ನ ನಾನಂತೂ ಒಬ್ಬರನ್ನೂ ನೋಡಿಲ್ಲ. ನಾನು ಬರ್ತೀನಿ, ಪುಟ್ಟಿ ಅಳತೆ ನಾನೇ ತಗೋತೀನಿ" ಎಂದಳು. ನಿಮ್ಮ ಅರ್ಜಿಯಲ್ಲಿ 'ಭೇಟಿಯ ಉದ್ದೇಶ' ಎಂಬ ಖಾನೆಯಿದೆಯಲ್ಲ, ಅದಕ್ಕೆ ಪೂರ್ತಿ ಉತ್ತರ ಇಷ್ಟೇ. ಆತುರಕ್ಕೆ ಕಾರಣ ಆಕೆಯ ಕಣ್ಣು. ಕಣ್ಣಿನ ನರ ಸೊರಗುತ್ತಿದೆ. ಹೆಚ್ಚೆಂದರೆ ಒಂದೂವರೆ ವರ್ಷ ಸೂಜಿ ಹಿಡಿಯಬಹುದು ಎಂದಿದ್ದರು ಕಣ್ಣಿನ ವೈದ್ಯರು. ಅದರಲ್ಲಿ ಹನ್ನೊಂದು ತಿಂಗಳನ್ನು ನಿಮ್ಮ ಸರದಿ ಸಾಲು ತೆಗೆದುಕೊಂಡಿದೆ.

ಮೊದಲ ಸಂದರ್ಶನದಲ್ಲಿ ನಿಮ್ಮ ಅಧಿಕಾರಿ, ಪಕ್ಕದಲ್ಲಿ ಕುಳಿತ ದುಭಾಷಿ ಹುಡುಗಿಯ ಮೂಲಕ ಕೇಳಿದರು: "ಅಲ್ಲಿ ಹೋಗಿ ಏನು ಮಾಡ್ತೀರಮ್ಮ?"

"ಹೊಲೀತೀನಿ" ಎಂದಳು ಅಮ್ಮ. "ಮೊಮ್ಮಗಳಿಗೆ ನಾಲ್ಕು ಜೊತೆ. ಮಗಳ ಮನೆ ಕಿಟಕಿಗೆ ಪರದೆ. ಸುಮ್ನೆ ಕೂತ್ಕೊಳ್ಳೋಕೆ ನನಗಾಗಲ್ಲಮ್ಮ. ಮುಗಿದ ತಕ್ಷಣ ವಾಪಸ್ ಬಂದ್ಬಿಡ್ತೀನಿ. ಮಿಷನ್ ಮುಚ್ಚಿಟ್ರೆ ಇಲಿ ಬೆಲ್ಟು ಕಡಿಯುತ್ತೆ."

ದುಭಾಷಿ ಹುಡುಗಿ ನಕ್ಕಳಂತೆ. ಅಧಿಕಾರಿ ನಗಲಿಲ್ಲ, ಬರೆದುಕೊಂಡರು. ಮೂರು ವಾರದ ನಂತರ ಪತ್ರ ಬಂತು: ಅರ್ಜಿದಾರರು ತಮ್ಮ ವೃತ್ತಿಯ ಸಾಧನದೊಂದಿಗೆ ಬಂದಿದ್ದು, ಅಲ್ಲಿ ದುಡಿಯುವ ಉದ್ದೇಶವನ್ನು ತಾವೇ ಒಪ್ಪಿಕೊಂಡಿದ್ದಾರೆ. ಇಲಿಯ ಮಾತು, ಅಂದರೆ ಮರಳಿ ಬರುವ ಮಾತು, ಅದರಲ್ಲಿ ಇರಲಿಲ್ಲ. ಮಾನ್ಯರೇ, ಮೊಮ್ಮಗಳ ತೋಳಿನ ಅಳತೆ ತೆಗೆಯುವುದು ಯಾವ ಉದ್ಯೋಗ? ಅದರಿಂದ ಇಲ್ಲಿಯ ಯಾವ ದರ್ಜಿಯ ಅನ್ನಕ್ಕೆ ಕಲ್ಲು ಬಿತ್ತು? ನಿಮ್ಮ ಅಜ್ಜಿ ಯಾವತ್ತಾದರೂ ನಿಮ್ಮ ಅಂಗಿಗೆ ಗುಂಡಿ ಹಾಕಿಕೊಟ್ಟಿದ್ದರೆ, ಆಕೆಯ ಬಳಿ ಪರವಾನಗಿ ಇತ್ತೇ?

ಇಲ್ಲಿಂದ ಮುಂದಿನ ತಪ್ಪು ನನ್ನದು. ಎರಡನೆಯ ಅರ್ಜಿ ಹಾಕಿ, ದಿನಾ ಬೆಳಿಗ್ಗೆ ಫೋನಿನಲ್ಲಿ ಅಮ್ಮನಿಗೆ ಪಾಠ ಶುರು ಮಾಡಿದೆ.

"ಏನು ಮಾಡ್ತೀರಿ ಅಂತ ಕೇಳಿದ್ರೆ?"

"ಏನೂ ಮಾಡಲ್ಲ. ಊರು ನೋಡ್ಕೊಂಡು ಬರ್ತೀನಿ."

"ಹೊಲಿಗೆ ಬರುತ್ತಾ ಅಂದ್ರೆ?"

"ಬರುತ್ತಲ್ಲೇ!"

"ಅಮ್ಮಾ, ಹೊಲಿಗೆ ಸುದ್ದಿನೇ ಎತ್ತಬೇಡ ಅಂದೆ ತಾನೇ?"

"ಅಯ್ಯೋ, ನಿನಗೆ ಬಾಯಿಪಾಠ ಹೇಳಿಕೊಟ್ಟಾಗ ನಾನು ಇಷ್ಟು ಗದರಿರಲಿಲ್ಲ ಕಣೇ" ಎಂದು ನಗುತ್ತಿದ್ದಳು. ನಾನೂ ನಕ್ಕೆ. ಆಮೇಲೆ ಮತ್ತೆ ಮೊದಲಿನಿಂದ ಹೇಳಿಸಿದೆ. ವಿದ್ಯಾವಂತೆ ನಾನು, ಕವಿತೆಯ ಒಂದು ಪದ ಆಚೀಚೆಯಾದರೂ ನಿದ್ದೆ ಕೆಡಿಸಿಕೊಳ್ಳುವವಳು. ತಾಯಿಯ ಬಾಯಿಯ ಮಾತನ್ನು ಮಾತ್ರ ಎಗ್ಗಿಲ್ಲದೆ ತಿದ್ದಿದೆ.

ಎರಡನೆಯ ಸಂದರ್ಶನದ ದಿನ ಅದೇ ಗಾಜು, ಅದೇ ಹುಡುಗಿ. ಅಮ್ಮ ಪಾಠ ಒಪ್ಪಿಸಿದಳು. ಅಧಿಕಾರಿ ಹಳೆಯ ಕಡತ ತಿರುವಿ, "ಹೋದ ಸಲ ಹೊಲೀತೀನಿ ಅಂದಿದ್ರಲ್ಲ?" ಎಂದು ಕೇಳಿಸಿದರು. ಅಮ್ಮ ಗಾಬರಿಯಾದಳು. ಇಷ್ಟು ವರ್ಷದಲ್ಲಿ ಯಾರೂ ಆಕೆಯನ್ನು ಹಾಗೆ ಕೇಳಿದ್ದಿಲ್ಲ.

"ಇಲ್ಲಪ್ಪ, ನನಗೆ ಹೊಲಿಗೆ ಬರೋದೇ ಇಲ್ಲ" ಎಂದುಬಿಟ್ಟಳು.

ಟೇಪು ಆಗಲೂ ಕೈಚೀಲದಲ್ಲಿತ್ತು. ತಟ್ಟೆಯಲ್ಲಿ ಎಲ್ಲರೂ ನೋಡಿದ್ದರು.

ಹೇಳಿಕೆಗಳು ನಂಬಲರ್ಹವಲ್ಲ ಎಂದು ನೀವು ಬರೆದಿದ್ದೀರಿ. ಸರಿಯಾಗಿಯೇ ಬರೆದಿದ್ದೀರಿ. ಆ ದಿನ ಮನೆಗೆ ಬಂದು ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: "ಹೋದ ಸಲ ಆ ಹುಡುಗಿ ನಕ್ಕಿದ್ದಳು ಕಣೇ. ಈ ಸಲ ತಲೆ ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ." ಆಮೇಲೆ, "ಪುಟ್ಟಿಗೆ ಹೇಳಬೇಡ" ಎಂದಳು. ಅವಳು ಹೇಳಬೇಡ ಎಂದದ್ದು ವೀಸಾದ ಸುದ್ದಿಯನ್ನಲ್ಲ, ತನಗೆ ಹೊಲಿಗೆ ಬರುವುದಿಲ್ಲ ಎಂದು ಹೇಳಿದ್ದನ್ನು.

ಈಗ ಎದುರು ಮನೆಯವರು ಬೆಳಿಗ್ಗೆ ಬಂದು ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಾರೆ. ಅಷ್ಟು ಮುಗಿದರೆ ಅಮ್ಮನ ಆ ದಿನದ ಕೆಲಸ ಮುಗಿಯಿತು.

ಮೂರನೆಯ ಅರ್ಜಿ ಇದರೊಂದಿಗಿದೆ. ಕನಿಕರ ಬೇಡ, ರಿಯಾಯಿತಿಯೂ ಬೇಡ. ಆಕೆಯನ್ನು ಇನ್ನೊಮ್ಮೆ ಕರೆಯಿರಿ, ಕಣ್ಣು ಇರುವಾಗಲೇ ಕರೆಯಿರಿ. ಎರಡನೆಯ ಹೇಳಿಕೆಯನ್ನು ಆಕೆಯ ಕಡತದಿಂದ ತೆಗೆದು ನನ್ನ ಕಡತಕ್ಕೆ ಸೇರಿಸಿ. ಅದು ನನ್ನದು, ದಂಡನೆಯಿದ್ದರೆ ಅದೂ ನನ್ನದೇ. "ಏನು ಮಾಡ್ತೀರಿ" ಎಂದು ಮತ್ತೆ ಕೇಳಿ. ಈ ಸಲ ನಾನು ಏನನ್ನೂ ಹೇಳಿಕೊಟ್ಟಿಲ್ಲ. ಆಕೆ ಹೇಳಿದ್ದನ್ನು, ಇಲಿಯನ್ನೂ ಸೇರಿಸಿ, ಪೂರ್ತಿ ಬರೆದುಕೊಳ್ಳಿ. ಟೇಪು ಕೈಚೀಲದಲ್ಲೇ ಇರುತ್ತದೆ. ಬೇಕಾದರೆ ಆಕೆಯ ಕೈಗೆ ಕೊಟ್ಟು ನಿಮ್ಮ ಭುಜವನ್ನೇ ಅಳೆಸಿಕೊಂಡು ನೋಡಿ. ಹೊಲಿಗೆ ಬರುತ್ತದೋ ಇಲ್ಲವೋ ತಿಳಿಯುತ್ತದೆ.

ಇಂತಿ,
ಅಮ್ಮನಿಗೆ ಸುಳ್ಳು ಬಾಯಿಪಾಠ ಮಾಡಿಸಿದ ಮಗಳು